ಮಣ್ಣಿನ ಮನೆಯ ಜಮಾ-ಖರ್ಚು

ಕೋಲಾರ ಚಿನ್ನದ ಗಣಿ ಪ್ರದೇಶದ ಸೈನೈಡ್ ದಿಬ್ಬಗಳ ಪುಡಿಯಿಂದ ಇಟ್ಟಿಗೆ ತಯಾರಿಸಬಹುದೇ ಎಂಬ ಪ್ರಶ್ನೆಯು ನಮ್ಮ ಭಾಗದ ವರ್ತಕರ ಕೂಟಗಳಲ್ಲಿ ಆಗಾಗ ಏಳುವುದುಂಟು. ಅದಕ್ಕೆ ಉತ್ತರವು 2007ರಲ್ಲಿಯೇ ದೊರೆತಿದೆ ಎಂಬುದು ಅನೇಕ ಸದಸ್ಯರಿಗೆ ತಿಳಿದಿಲ್ಲ. ಅಂದು ಚಾಂಪಿಯನ್ ರೀಫ್ಸ್‌ನಲ್ಲಿ ನೆಲೆಸಿದ್ದ ರಾಷ್ಟ್ರೀಯ ಶಿಲಾ ಬಲವಿಜ್ಞಾನ ಸಂಸ್ಥೆಯ, ಅಂದರೆ ಎನ್.ಐ.ಆರ್.ಎಂ.ನ ವಿಜ್ಞಾನಿಗಳು ಈ ಪುಡಿಯನ್ನು ಎರಡು ವಿಧವಾಗಿ ಪರೀಕ್ಷಿಸಿ ಫಲಿತಾಂಶವನ್ನು ಆ ವರ್ಷ ಪ್ರಕಟಿಸಿದರು. ಒಂದು ವಿಧದಲ್ಲಿ ಪುಡಿಗೆ ಸಿಮೆಂಟು ಬೆರೆಸಿ ನೀರಿನಲ್ಲಿ ಹದಗೊಳಿಸಿದರು. ಇನ್ನೊಂದರಲ್ಲಿ ಎರೆಮಣ್ಣು ಅಥವಾ ಕೆಂಪು ಮಣ್ಣು ಬೆರೆಸಿ, ಬಿಸಿಲಿಗೆ ಒಣಗಿಸಿ, ಕುಲುಮೆಯಲ್ಲಿ ಸುಟ್ಟರು. ಸಿಮೆಂಟಿನ ಇಟ್ಟಿಗೆಗೆ ಸಾಕಷ್ಟು ಬಲ ಬರಬೇಕಾದರೆ ನೂರಕ್ಕೆ 20 ಭಾಗ ಸಿಮೆಂಟು ಬೇಕಾಯಿತು. ಕೊನೆಯಲ್ಲಿ ಅವರು ವೆಚ್ಚದ ಲೆಕ್ಕವನ್ನೂ ಹಾಕಿ, ಸಿಮೆಂಟಿನ ಇಟ್ಟಿಗೆಯು ಗಿಟ್ಟುವುದಿಲ್ಲ, ಮಣ್ಣು ಬೆರೆಸಿ ಸುಟ್ಟ ಇಟ್ಟಿಗೆಯು ಗಿಟ್ಟುತ್ತದೆ ಎಂಬ ನಿರ್ಣಯಕ್ಕೆ ಬಂದರು.

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವ ನನಗೆ ಆ ಅಧ್ಯಯನದಲ್ಲಿ ಹಿಡಿಸಿದ ಭಾಗವೆಂದರೆ ಈ ಕೊನೆಯದೇ. ಇಟ್ಟಿಗೆಯು ಭಾರ ಹೊರುತ್ತದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ಅದನ್ನು ಮಾಡಿದವನು ಉಳಿಯುತ್ತಾನೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಮಣ್ಣಿನ ಮನೆಯ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಮೊದಲನೆಯ ಪ್ರಶ್ನೆಯನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ಎರಡನೆಯದನ್ನು ಕೇಳುವವರು ಕಡಿಮೆ. ಪಶ್ಚಿಮ ಆಫ್ರಿಕದ ಸಾಂಪ್ರದಾಯಿಕ ಮನೆಗಳಿಂದ ಸ್ಫೂರ್ತಿ ಪಡೆದ ಆಧುನಿಕ ಮಣ್ಣಿನ ಕಟ್ಟಡಗಳು ಇಂದು ಜಗತ್ತಿನ ಗಮನ ಸೆಳೆದಿರುವ ಈ ಸಂದರ್ಭದಲ್ಲಿ, ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಸಣ್ಣ ಉದ್ಯಮಿಗೆ ಅದರಲ್ಲಿ ಏನು ದೊರೆಯಬಹುದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ವ್ಯಾಪಾರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಫ್ರಿಕದ ಗೋಡೆ, ನಮ್ಮ ಗೋಡೆ

ಬುರ್ಕಿನಾ ಫಾಸೊ, ಮಾಲಿ, ನೈಜರ್, ಘಾನಾದ ಉತ್ತರ ಭಾಗ ಇವೆಲ್ಲ ಮಣ್ಣಿನ ಮನೆಗಳ ನಾಡು. ಇವುಗಳಲ್ಲಿ ಬುರ್ಕಿನಾ ಫಾಸೊ ದೇಶದ ರಾಜಧಾನಿ ಉಆಗಾಡುಗುವಿನಲ್ಲಿ ವರ್ಷಕ್ಕೆ ಬೀಳುವ ಮಳೆಯು ನಮ್ಮ ಕೋಲಾರ ಜಿಲ್ಲೆಯ ಮಳೆಗಿಂತ ಬಹಳ ಭಿನ್ನವಲ್ಲ. ಎರಡೂ ಕಡೆ ಸುಮಾರು 700ರಿಂದ 800 ಮಿಲಿಮೀಟರ್. ವ್ಯತ್ಯಾಸವಿರುವುದು ಮಳೆ ಹಂಚಿಕೆಯಾಗುವ ರೀತಿಯಲ್ಲಿ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಮಳೆಗಾಲ; ನಮಗೆ ಮುಂಗಾರು ಮುಗಿದ ಮೇಲೂ ಅಕ್ಟೋಬರ್, ನವೆಂಬರ್‌ಗಳಲ್ಲಿ ಹಿಂಗಾರಿನ ಜಡಿಮಳೆಯಿದೆ. ಬಿಸಿಲು ಅಲ್ಲಿ ನಮಗಿಂತ ಬಹಳ ಕ್ರೂರವಾದುದು.

ಬುರ್ಕಿನಾ ಫಾಸೊದ ದಕ್ಷಿಣ ಗಡಿಯಲ್ಲಿ ಟಿಯೆಬೆಲೆ ಎಂಬ ಊರಿದೆ. ಅಲ್ಲಿನ ಕಸೇನ ಜನಾಂಗದ ಅರಸನ ವಾಡೆಯನ್ನು ಯುನೆಸ್ಕೊ 2024ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಣ್ಣು, ಹುಲ್ಲು, ಸಗಣಿ ಕಲಸಿ ಕೈಯಿಂದಲೇ ಏರಿಸಿದ ದಪ್ಪ ಗೋಡೆ. ಬಗ್ಗಿ ನುಸುಳಬೇಕಾದಷ್ಟು ಕಿರಿದಾದ ಬಾಗಿಲು. ಮೇಲೆ ಮರದ ತೊಲೆಗಳ ಆಧಾರದ ಮಟ್ಟಸ ಮಣ್ಣಿನ ಮಾಳಿಗೆ. ಗೋಡೆಯನ್ನು ಎಬ್ಬಿಸುವವರು ಗಂಡಸರು, ಅದನ್ನು ಸಾರಿಸಿ, ಕಪ್ಪು, ಬಿಳಿ, ಕೆಂಪು ಬಣ್ಣಗಳ ರೇಖೆಗಳಿಂದ ಅಲಂಕರಿಸುವವರು ಹೆಂಗಸರು. ಸುಗ್ಗಿ ಮುಗಿದು ಮಳೆ ಬರುವುದಕ್ಕೆ ಮೊದಲು ಈ ಕೆಲಸ. ಬಣ್ಣದ ಮೇಲೆ ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ನೇರೆ ಎಂಬ ಮರದ ಕಾಯಿಯ ಸಿಪ್ಪೆಯನ್ನು ಕುದಿಸಿದ ರಸವನ್ನು ಬಳಿಯುತ್ತಾರೆ. ಅದು ಗೋಡೆಗೆ ನೀರು ಹಿಡಿಯದಂತೆ ಕಾಯುವ ವಾರ್ನಿಷು.

ಮಾಲಿಯ ಜೆನ್ನೆ ನಗರದ ದೊಡ್ಡ ಮಸೀದಿಯೂ ಹಸಿ ಇಟ್ಟಿಗೆಯ ಕಟ್ಟಡವೇ. ಈಗಿನ ರೂಪವನ್ನು 1907ರಲ್ಲಿ ಪಡೆಯಿತು. ಅದರ ಗೋಡೆಯಿಂದ ಹೊರಗೆ ಚಾಚಿರುವ ತಾಳೆಮರದ ತುಂಡುಗಳನ್ನು ಚಿತ್ರಗಳಲ್ಲಿ ನೋಡಿದವರು ಅಲಂಕಾರವೆಂದು ಭಾವಿಸಬಹುದು. ಅವುಗಳಿಗೆ ಇನ್ನೊಂದು ಕೆಲಸವೂ ಇದೆ. ಪ್ರತಿವರ್ಷ ಊರಿಗೆ ಊರೇ ಸೇರಿ ಗೋಡೆಗೆ ಹೊಸ ಮಣ್ಣು ಮೆತ್ತುವಾಗ ಮೇಸ್ತ್ರಿಗಳು ಹತ್ತಿ ನಿಲ್ಲುವ ಸಾರುವೆ ಅದೇ! ದುರಸ್ತಿಯು ಬಂದೇ ಬರುತ್ತದೆ ಎಂದು ತಿಳಿದು, ದುರಸ್ತಿಗೆ ಬೇಕಾದ ಸಾರುವೆಯನ್ನು ಕಟ್ಟಡದಲ್ಲಿಯೇ ಕೂರಿಸಿಬಿಟ್ಟಿದ್ದಾರೆ. ನಮ್ಮ ಗುತ್ತಿಗೆದಾರ ಮಿತ್ರರು ಹತ್ತು ವರ್ಷದ ನಂತರದ ದುರಸ್ತಿಯನ್ನು ಇಷ್ಟು ಪ್ರಾಮಾಣಿಕವಾಗಿ ನಕ್ಷೆಯಲ್ಲಿ ತೋರಿಸಿದ ಉದಾಹರಣೆ ನನಗೆ ನೆನಪಿಲ್ಲ.

ಇದು ನಮಗೆ ಅಪರಿಚಿತವಾದ ಲೋಕವಲ್ಲ. ಕೋಲಾರ ಸೀಮೆಯ ಹಳೆಯ ಮನೆಗಳ ಗೋಡೆಗಳು ಒಂದೂವರೆ, ಎರಡು ಅಡಿ ದಪ್ಪದ ಮಣ್ಣಿನವೇ. ಮೇಲೆ ಮಣ್ಣಿನ ಮಾಳಿಗೆ, ಅಥವಾ ನಮ್ಮಲ್ಲಿ ಧಾರಾಳವಾಗಿ ದೊರೆಯುವ ಕಲ್ಲು ಚಪ್ಪಡಿ, ಅನಂತರದ ದಿನಗಳಲ್ಲಿ ಹೆಂಚು. ಬೆಳಕಿಗೆ ಗವಾಕ್ಷಿ, ಕೂರಲು ಜಗಲಿ. ಹಬ್ಬಕ್ಕೆ ಮೊದಲು ಸುಣ್ಣ, ಕೆಮ್ಮಣ್ಣು. ನೆಲಕ್ಕೆ ಸಗಣಿ ಸಾರಣೆ. ಯಾರ ಮನೆಯಲ್ಲಿಯೂ ಈ ವೆಚ್ಚವನ್ನು ಪುಸ್ತಕದಲ್ಲಿ ಬರೆದಿಡಲಿಲ್ಲ, ಏಕೆಂದರೆ ಅದು ಹೆಣ್ಣುಮಕ್ಕಳ ಶ್ರಮದ ಲೆಕ್ಕದಲ್ಲಿ ಸೇರಿಹೋಗುತ್ತಿತ್ತು.

ನಾನು ಗಮನಕ್ಕೆ ತರಬಯಸುವ ಮುಖ್ಯಾಂಶವು ಇಲ್ಲಿದೆ. ಹಳೆಯ ಮಣ್ಣಿನ ಮನೆಯು ಅಗ್ಗವಾಗಿತ್ತು ಎಂಬುದು ಅರ್ಧ ಸತ್ಯ. ಅದರ ಬಂಡವಾಳ ವೆಚ್ಚವು ಕಡಿಮೆ, ಆವರ್ತಕ ವೆಚ್ಚವು ಹೆಚ್ಚು. ಆ ಆವರ್ತಕ ವೆಚ್ಚವನ್ನು ಕೂಲಿಯಿಲ್ಲದ ಶ್ರಮವು ಭರಿಸುತ್ತಿತ್ತು. ಮನೆಮಂದಿಯೆಲ್ಲ ಬೆಳಗಿನ ರೈಲಿಗೆ ಬೆಂಗಳೂರಿಗೆ ದುಡಿಮೆಗೆ ಹೋಗುವ ಇಂದಿನ ಕುಟುಂಬದಲ್ಲಿ ಪ್ರತಿವರ್ಷ ಗೋಡೆ ಮೆತ್ತಲು ಯಾರಿದ್ದಾರೆ? ಆದುದರಿಂದ ಆಧುನಿಕ ಮಣ್ಣಿನ ಮನೆಯ ವಿನ್ಯಾಸವೆಂದರೆ, ಪ್ರತಿವರ್ಷದ ಆ ವೆಚ್ಚವನ್ನು ಕಟ್ಟುವಾಗಲೇ ಒಮ್ಮೆಗೆ ಎಷ್ಟು ಕಡಿಮೆಯಲ್ಲಿ ಬಂಡವಾಳವಾಗಿ ಪರಿವರ್ತಿಸಬಹುದು ಎಂಬುದೇ ಆಗಿದೆ.

ಗಾಂಡೊ ಮಾಡಿದ್ದು, ಉಂಗ್ರ ಮಾಡಿದ್ದು

ಈ ಪರಿವರ್ತನೆಯನ್ನು ಜಗತ್ತಿಗೆ ತೋರಿಸಿದವರು ಬುರ್ಕಿನಾ ಫಾಸೊದ ಗಾಂಡೊ ಗ್ರಾಮದಲ್ಲಿ ಹುಟ್ಟಿ, ಬರ್ಲಿನ್‌ನಲ್ಲಿ ವ್ಯಾಸಂಗ ಮಾಡಿದ ಫ್ರಾನ್ಸಿಸ್ ಕೆರೆ. ತಮ್ಮ ಊರಿಗೆ ಅವರು ಕಟ್ಟಿಕೊಟ್ಟ ಪ್ರಾಥಮಿಕ ಶಾಲೆಯು 2001ರಲ್ಲಿ ಪೂರ್ಣಗೊಂಡಿತು, 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಪಡೆಯಿತು. 2022ರಲ್ಲಿ ಕೆರೆಯವರಿಗೆ ಪ್ರಿಟ್ಸ್‌ಕರ್ ಪ್ರಶಸ್ತಿ ದೊರೆಯಿತು. ಆ ಗೌರವ ಪಡೆದ ಮೊದಲ ಆಫ್ರಿಕದವರು ಅವರು.

ಶಾಲೆಯ ರಚನೆಯನ್ನು ಗಮನಿಸಿ. ಊರಿನ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಯ ಗೋಡೆ. ಒಳಮಾಳಿಗೆಯೂ ಮಣ್ಣಿನ ಇಟ್ಟಿಗೆಯದೇ. ನಡುನಡುವೆ ಗಾಳಿ ಏರಲು ಸಂದುಗಳು. ಅದರ ಮೇಲೆ ಕೆಲವು ಅಡಿ ಅಂತರದಲ್ಲಿ ತೆಳು ಕಬ್ಬಿಣದ ಕಂಬಿಗಳ ಮೇಲೆ ಎತ್ತಿ ನಿಲ್ಲಿಸಿದ ತಗಡಿನ ಚಾವಣಿ, ಗೋಡೆಯಿಂದ ಬಹುದೂರ ಹೊರಚಾಚಿದೆ. ತಗಡು ಕಾದರೆ ಬಿಸಿಗಾಳಿಯು ನಡುವಿನ ಅಂತರದಿಂದ ಹೊರಟುಹೋಗುತ್ತದೆ. ಮಳೆಯು ಗೋಡೆಯನ್ನು ಮುಟ್ಟುವುದೇ ಇಲ್ಲ. ಪ್ರತಿವರ್ಷ ನೇರೆಕಾಯಿಯ ರಸ ಬಳಿಯುವ ಬದಲು ಒಮ್ಮೆ ದೊಡ್ಡ ಕೊಡೆ ಹಿಡಿದಂತಾಯಿತು. ನೈಜರ್ ದೇಶದ ರಾಜಧಾನಿ ನಿಯಾಮೆಯಲ್ಲಿ 2016ರಲ್ಲಿ ಪೂರ್ಣಗೊಂಡ ‘ನಿಯಾಮೆ 2000’ ಎಂಬ ಆರು ಮನೆಗಳ ವಸತಿ ಸಮೂಹವು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸುಡದ ಮಣ್ಣಿನ ಇಟ್ಟಿಗೆಯಿಂದ ಮಧ್ಯಮ ವರ್ಗದ ನಗರವಾಸಿಗಳಿಗೆ ಒತ್ತೊತ್ತಾದ, ಮಹಡಿಯುಳ್ಳ ಮನೆಗಳನ್ನು ಕಟ್ಟಿ ತೋರಿಸಿತು. ಆ ಪ್ರದೇಶದ ಹಳೆಯ ವ್ಯಾಪಾರಿ ನಗರಗಳಾದ ಟಿಂಬಕ್ಟು, ಕಾನೊಗಳ ಮನೆಗಳೇ ಅದಕ್ಕೆ ಮಾದರಿ. ಮಣ್ಣು ಬಡವರ ಹಳ್ಳಿಗೆ ಮಾತ್ರ ಎಂಬ ಭಾವನೆಯನ್ನು ಅಳಿಸಲು ಇದು ನೆರವಾಯಿತು.

ಇವೆಲ್ಲಕ್ಕಿಂತ ಬಹಳ ಮೊದಲು ಈ ಕೆಲಸವು ನಮ್ಮ ರಾಜ್ಯದಲ್ಲಿ ನಡೆದಿದೆ ಎಂಬುದನ್ನು ನಾವು ಮರೆಯಬಾರದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ವನ್ನು ನಮ್ಮ ಓದುಗರು ಅಸ್ತ್ರ ಒಲೆಯ ಮೂಲಕ ಬಲ್ಲರು. ಅದೇ ಕೇಂದ್ರದ ಪ್ರೊ. ಕೆ.ಎಸ್. ಜಗದೀಶ್, ಪ್ರೊ. ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಸ್ಥಿರೀಕೃತ ಮಣ್ಣಿನ ಬ್ಲಾಕುಗಳ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದರು. ಮೇಸ್ತ್ರಿಗಳ ಮಾತಿನಲ್ಲಿ ಇದು ‘ಮಡ್ ಬ್ಲಾಕ್’. 1950ರ ದಶಕದಲ್ಲಿ ಕೊಲಂಬಿಯ ದೇಶದಲ್ಲಿ ರೂಪುಗೊಂಡ ಸಿನ್ವ-ರಾಮ್ ಎಂಬ ಕೈ ಒತ್ತುಯಂತ್ರದ ಪರಂಪರೆಯಲ್ಲಿ, ನಮ್ಮ ಮಣ್ಣಿಗೂ ನಮ್ಮ ಕೆಲಸಗಾರರಿಗೂ ಹೊಂದುವಂತೆ ‘ಅಸ್ತ್ರಾಂ’ ಎಂಬ ಯಂತ್ರವನ್ನು ಅವರು ರೂಪಿಸಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವು ‘ಅಸ್ತ್ರ’ದ ವಿಸ್ತರಣಾ ಕೇಂದ್ರವಾಗಿತ್ತು. ಇಂದು ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರ ಬಯೋಮ್ ಸಂಸ್ಥೆಯೊಂದೇ ನೂರಾರು ಕಟ್ಟಡಗಳಲ್ಲಿ ಮಣ್ಣನ್ನು ಬಳಸಿದೆ. ನಿವೇಶನದಲ್ಲಿ ಅಗೆದ ಮಣ್ಣೇ ಗೋಡೆಯಾಗುವುದು ಅವರ ಪದ್ಧತಿ.

ತಾಂತ್ರಿಕ ವಿವರವು ಸರಳವಾಗಿದೆ. ಮೇಲ್ಪದರದ, ಬೇರು-ಹ್ಯೂಮಸ್ ಇರುವ ಮಣ್ಣನ್ನು ತೆಗೆದುಹಾಕಿ, ಕೆಳಗಿನ ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ನೂರಕ್ಕೆ 7 ಭಾಗದಷ್ಟು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಯಂತ್ರದಲ್ಲಿ ಒತ್ತುತ್ತಾರೆ. ಸುಡುವುದಿಲ್ಲ, ಹುಲ್ಲು ಮುಚ್ಚಿ ಮೂರು ವಾರ ನೀರುಣಿಸುತ್ತಾರೆ. ಮಣ್ಣಿನಲ್ಲಿ ಮರಳಿನ ಅಂಶವು ನೂರಕ್ಕೆ 60-70 ಭಾಗ, ಜೇಡಿಯು 10-15 ಭಾಗ ಇದ್ದರೆ ಉತ್ತಮ. ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುವುದರಿಂದ ಮರಳು ಅಥವಾ ಕ್ರಷರ್ ಪುಡಿ ಸೇರಿಸಬೇಕು. ಎರೆಮಣ್ಣಾದರೆ ಸಿಮೆಂಟು ಮಾತ್ರ ಸಾಲದು, ಸುಣ್ಣ ಬೇಕು. ಸರಿಯಾಗಿ ಮಾಡಿದ ಬ್ಲಾಕು ಎರಡು ಅಂತಸ್ತಿನ ಸಾಮಾನ್ಯ ಮನೆಯ ಭಾರವನ್ನು ಹೊರುತ್ತದೆ. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಇಂಧನ ಶಕ್ತಿಯ ಸುಮಾರು ಮೂರನೇ ಒಂದು ಭಾಗದಷ್ಟು ಮಾತ್ರ ಇದರ ಗೋಡೆಗೆ ತಗಲುತ್ತದೆ ಎಂಬುದು ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕ.

ಒಂದು ಬ್ಲಾಕಿನ ಲೆಕ್ಕ

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ವಿಷಯಕ್ಕೆ ಬರುತ್ತೇನೆ. ಕೆಳಗಿನ ದರಗಳೆಲ್ಲ ವಿವರಣೆಗಾಗಿ ಇಟ್ಟುಕೊಂಡ ಊಹೆಯ ದರಗಳು. ಸದಸ್ಯರು ತಮ್ಮ ಊರಿನ ಅಂದಿನ ದರವನ್ನು ಹಾಕಿಕೊಳ್ಳಬೇಕು. ಲೆಕ್ಕದ ಕ್ರಮವು ಮುಖ್ಯ.

230 x 190 x 100 ಮಿಲಿಮೀಟರ್ ಅಳತೆಯ ಒಂದು ಬ್ಲಾಕು ಒಣಗಿದ ಮೇಲೆ ಸುಮಾರು 8 ಕಿಲೋ ತೂಗುತ್ತದೆ. ಗಾತ್ರದಲ್ಲಿ ಅದು ಎರಡೂವರೆ ಸುಟ್ಟ ಇಟ್ಟಿಗೆಗೆ ಸಮ. ನೂರಕ್ಕೆ 7ರಂತೆ ಸಿಮೆಂಟು 560 ಗ್ರಾಂ. ಅಂದರೆ 50 ಕಿಲೋ ಚೀಲಕ್ಕೆ ಸುಮಾರು 90 ಬ್ಲಾಕು. ಚೀಲದ ಬೆಲೆ 400 ರೂಪಾಯಿ ಎಂದಿಟ್ಟರೆ ಬ್ಲಾಕಿಗೆ 4 ರೂ. 45 ಪೈಸೆ. ಕೈಯಂತ್ರದಲ್ಲಿ ಏಳು ಜನರ ತಂಡ ದಿನಕ್ಕೆ 400 ಬ್ಲಾಕು ಮಾಡುತ್ತದೆ, ತಲೆಗೆ ಸರಾಸರಿ 700 ರೂಪಾಯಿ ಕೂಲಿ ಎಂದು ಹಿಡಿದರೆ ಬ್ಲಾಕಿಗೆ 12 ರೂ. 25 ಪೈಸೆ. ಕ್ರಷರ್ ಪುಡಿಗೆ 2 ರೂ. 25 ಪೈಸೆ, ಯಂತ್ರದ ಬಾಡಿಗೆ, ನೀರು, ಒಡೆದುಹೋಗುವ ನಷ್ಟಕ್ಕೆ 2 ರೂಪಾಯಿ. ಒಟ್ಟು ಸುಮಾರು 21 ರೂಪಾಯಿ. ಸುಟ್ಟ ಇಟ್ಟಿಗೆ ಒಂದಕ್ಕೆ 9 ರೂಪಾಯಿ ಎಂದಾದರೆ ಎರಡೂವರೆ ಇಟ್ಟಿಗೆಗೆ 22 ರೂ. 50 ಪೈಸೆ.

ಇಷ್ಟೇ ವ್ಯತ್ಯಾಸವೇ ಎಂದು ನಿರಾಶರಾಗಬಹುದು. ನಿರಾಶರಾಗುವುದೇ ಒಳ್ಳೆಯದು; ಬ್ಲಾಕಿನ ಬೆಲೆಯಲ್ಲಿ ಉಳಿತಾಯವಿದೆ ಎಂದು ಹೇಳಿ ಯಂತ್ರ ಮಾರುವವರ ಮಾತನ್ನು ಆಗ ಸ್ವಲ್ಪ ನಿಧಾನವಾಗಿ ಕೇಳುತ್ತೇವೆ. ಉಳಿತಾಯವಿರುವುದು ಬೇರೆ ಕಡೆ. ದೊಡ್ಡ ಬ್ಲಾಕಾದ್ದರಿಂದ ಸಂದುಗಳು ಕಡಿಮೆ, ಗಾರೆ ಕಡಿಮೆ. ಮೈ ನುಣುಪಾಗಿರುವುದರಿಂದ ಹೊರಗೋಡೆಗೆ ಗಿಲಾವು ಬೇಕಿಲ್ಲ, ಬಣ್ಣವೂ ಬೇಕಿಲ್ಲ. ಆದರೆ ಗಿರಾಕಿಯು ‘ಮಣ್ಣು ಕಾಣಬಾರದು, ಎರಡೂ ಕಡೆ ಪ್ಲಾಸ್ಟರ್ ಮಾಡಿಸಿ’ ಎಂದನೋ, ಆ ಉಳಿತಾಯವೆಲ್ಲ ಅಲ್ಲಿಗೇ ಮುಗಿಯಿತು. ನಮ್ಮ ಕಡೆ ಗಿರಾಕಿಗಳು ಹೀಗೆ ಹೇಳುವುದೇ ಹೆಚ್ಚು. ಗೋಡೆಯ ಮಣ್ಣನ್ನು ಮುಚ್ಚದೆ, ಚಾವಣಿಯನ್ನು ಎರಡು ಮೂರು ಅಡಿ ಹೊರಚಾಚಿ, ಪಾಯವನ್ನು ಕಲ್ಲಿನಿಂದ ಒಂದೂವರೆ ಅಡಿ ನೆಲದ ಮೇಲೆ ಎತ್ತರಿಸಿ ಕಟ್ಟಲು ಒಪ್ಪುವವನಿಗೆ ಮಾತ್ರ ಇದು ಲಾಭದಾಯಕ. ಗಾಂಡೊ ಶಾಲೆಯ ದೊಡ್ಡ ಚಾವಣಿಯನ್ನು ನಾವು ಅನುಕರಿಸಬೇಕಾದುದು ಈ ಕಾರಣಕ್ಕಾಗಿ.

ಎರಡನೆಯದಾಗಿ, ಮೇಲಿನ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಯದು ಎಂಬುದನ್ನು ಗಮನಿಸಬೇಕು. ಕೈಯಂತ್ರವು ರೂಪುಗೊಂಡ ಕಾಲದಲ್ಲಿ ಸಿಮೆಂಟು ದುಬಾರಿ, ಪರವಾನಗಿಯ ಸರಕು, ಕೂಲಿ ಅಗ್ಗ. ಇಂದು ಸ್ಥಿತಿ ತಲೆಕೆಳಗಾಗಿದೆ. ಬಂಗಾರಪೇಟೆಯ ಕಬ್ಬಿಣದ ವ್ಯಾಪಾರಿಯೊಬ್ಬರು ನಮ್ಮ ಕಚೇರಿಗೆ ಇದೇ ವಿಚಾರವಾಗಿ ಬಂದಿದ್ದರು. “ಸ್ವಾಮಿ, ಹೈಡ್ರಾಲಿಕ್ ಯಂತ್ರ ಹಾಕಿದರೆ ಕೂಲಿಯ ತೊಂದರೆಯೇ ಇಲ್ಲವಲ್ಲ” ಎಂದರು. ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಯಂತ್ರಕ್ಕೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಸವಕಳಿ ನೂರಕ್ಕೆ 15, ಬಡ್ಡಿ ನೂರಕ್ಕೆ 11. ಯಂತ್ರ ತಿರುಗಲಿ ಬಿಡಲಿ, ವರ್ಷಕ್ಕೆ 2 ಲಕ್ಷ 60 ಸಾವಿರ. ದಿನಕ್ಕೆ 1,500ರಂತೆ 200 ದಿನ ನಡೆದು 3 ಲಕ್ಷ ಬ್ಲಾಕು ಹೊರಬಂದರೆ ಆ ಹೊರೆ ಬ್ಲಾಕಿಗೆ 87 ಪೈಸೆ. ಕೂಲಿಯೂ ಮೂರೂಕಾಲು ರೂಪಾಯಿಗೆ ಇಳಿಯುತ್ತದೆ. ಬಹಳ ಲಾಭ! ಆದರೆ ವರ್ಷಕ್ಕೆ ಮಾರಾಟವಾದದ್ದು 50 ಸಾವಿರ ಮಾತ್ರ ಎಂದಾದರೆ ಆ ಹೊರೆಯೇ 5 ರೂ. 20 ಪೈಸೆ.

ಸಾವಿರ ಚದರ ಅಡಿಯ ಮನೆಗೆ, ಬಾಗಿಲು-ಕಿಟಕಿ ಕಳೆದು 150 ಚದರ ಮೀಟರ್ ಗೋಡೆ ಎಂದರೆ, ಸುಮಾರು 5,700 ಬ್ಲಾಕು ಬೇಕು. 3 ಲಕ್ಷ ಬ್ಲಾಕು ಎಂದರೆ ವರ್ಷಕ್ಕೆ 50ಕ್ಕೂ ಹೆಚ್ಚು ಮನೆ. “ನಮ್ಮ ಸುತ್ತಿನಲ್ಲಿ ವರ್ಷಕ್ಕೆ ಐವತ್ತು ಜನ ಮಣ್ಣಿನ ಮನೆ ಕಟ್ಟುತ್ತಾರೆಯೇ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಐದು ಜನ ಕಟ್ಟಬಹುದು” ಎಂದರು.

ಸರಕಲ್ಲ, ಸೇವೆ

ಹಾಗಾದರೆ ಇದರಲ್ಲಿ ವ್ಯಾಪಾರವಿಲ್ಲವೇ? ಇದೆ, ಆದರೆ ಅದು ಇಟ್ಟಿಗೆ ಗೂಡಿನ ಮಾದರಿಯ ವ್ಯಾಪಾರವಲ್ಲ. 5,700 ಬ್ಲಾಕು ಎಂದರೆ 46 ಟನ್ ತೂಕ. ಮಾಲೂರಿನ ಗೂಡಿನಿಂದ ಇಟ್ಟಿಗೆಯನ್ನು ಲಾರಿಯಲ್ಲಿ ತರುವಂತೆ ಇದನ್ನೂ ತಂದರೆ ಬಾಡಿಗೆಯೇ ಲಾಭವನ್ನು ನುಂಗುತ್ತದೆ. ಬದಲಾಗಿ, ಅಷ್ಟು ಬ್ಲಾಕಿಗೆ ಬೇಕಾದ ಮಣ್ಣಿನ ಬಹುಭಾಗವು ಮನೆಯ ಪಾಯದ ಕಾಲುವೆ ಮತ್ತು ನೀರಿನ ಸಂಪು ತೋಡಿದಾಗಲೇ ದೊರೆಯುತ್ತದೆ. 60 ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಸುಮಾರು ಒಂದು ಮೀಟರ್ ಆಳದ ಪಾಯದಿಂದಲೇ 40 ಘನ ಮೀಟರಿನಷ್ಟು ಮಣ್ಣು ಬರುತ್ತದೆ. ಮೇಲ್ಪದರವನ್ನು ಬಿಟ್ಟರೂ ಗೋಡೆಗೆ ಸಾಕಾಗುತ್ತದೆ. ಮನೆಯೊಡೆಯನು ದುಡ್ಡು ಕೊಟ್ಟು ಹೊರಗೆ ಸಾಗಿಸುವ ಮಣ್ಣು ಅದು.

ಆದುದರಿಂದ ಬಂಡವಾಳ ಹೂಡಬೇಕಾದುದು ಬ್ಲಾಕಿನ ಕಾರ್ಖಾನೆಯಲ್ಲಿ ಅಲ್ಲ. ಯಂತ್ರ, ಜರಡಿ, ಪಳಗಿದ ಏಳೆಂಟು ಜನರ ತಂಡವನ್ನು ನಿವೇಶನಕ್ಕೇ ಒಯ್ದು, ಬ್ಲಾಕಿಗೆ ಇಂತಿಷ್ಟು ಎಂದು ಒತ್ತಿಕೊಡುವ ಸೇವೆಯಲ್ಲಿ. ಯಂತ್ರವನ್ನು ಕೊಳ್ಳುವ ಬದಲು ಮೊದಲ ವರ್ಷ ಬಾಡಿಗೆಗೆ ಪಡೆಯುವುದು ಕ್ಷೇಮ. ಇದರ ಜೊತೆಗೆ ನಮ್ಮ ಕ್ರಷರ್ ಮಾಲೀಕರಿಗೆ ಜರಡಿ ಹಿಡಿದ ಪುಡಿಯ ಗಿರಾಕಿ ಸಿಗುತ್ತದೆ. ಕಲ್ಲು ಚಪ್ಪಡಿಯ ವ್ಯಾಪಾರಿಗಳಿಗೂ ಅವಕಾಶವಿದೆ. ಪಶ್ಚಿಮ ಆಫ್ರಿಕದಲ್ಲಿ ಮಾಳಿಗೆಯ ಮರ ಸಿಗದೆ ಮಣ್ಣಿನ ಇಟ್ಟಿಗೆಯ ಕಮಾನು ಚಾವಣಿಯನ್ನು ಮತ್ತೆ ಪ್ರಚಾರಕ್ಕೆ ತರಬೇಕಾಯಿತು. ನಮಗೆ ಆ ಕೊರತೆಯಿಲ್ಲ. ಮಣ್ಣಿನ ಗೋಡೆಯ ಅತ್ಯುತ್ತಮ ಸಂಗಾತಿಯಾದ ಕಲ್ಲು ಚಪ್ಪಡಿ ನಮ್ಮ ಜಿಲ್ಲೆಯಲ್ಲಿಯೇ ಇದೆ, ಅದನ್ನು ಗೋಡೆಯಿಂದ ಹೊರಚಾಚಿ ಸಜ್ಜೆಯಾಗಿ ಕೂರಿಸಬಲ್ಲ ಕಲ್ಲುಕುಟಿಗರೂ ಇದ್ದಾರೆ.

ಸಾಲದ ವಿಷಯದಲ್ಲಿ ಒಂದು ಮಾತು. ಜನಗಣತಿಯ ವರ್ಗೀಕರಣದಲ್ಲಿ ಸುಡದ ಇಟ್ಟಿಗೆ ಮತ್ತು ಮಣ್ಣಿನ ಗೋಡೆಗಳು ಕಚ್ಚಾ ಸಾಮಗ್ರಿಗಳ ಸಾಲಿನಲ್ಲಿವೆ. ಬ್ಯಾಂಕಿನ ಮೌಲ್ಯಮಾಪಕರ ಮನಸ್ಸಿನಲ್ಲಿಯೂ ಇದೇ ಚಿತ್ರವಿರುತ್ತದೆ. ಅವರೊಡನೆ ವಾದಿಸುವುದಕ್ಕಿಂತ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 1725ನ್ನು ಮುಂದಿಡುವುದು ಮೇಲು. ಮಣ್ಣಿನ ಬ್ಲಾಕಿನ ಈ ಮಾನಕವು 1982ರಲ್ಲಿ, ಮತ್ತೆ 2013ರಲ್ಲಿ ಪರಿಷ್ಕೃತವಾಗಿದೆ. ನಿವೇಶನದಲ್ಲಿ ಒತ್ತಿದ ಬ್ಲಾಕುಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ನೀರಿನಲ್ಲಿ ನೆನೆಸಿ ಬಲ ಪರೀಕ್ಷೆ ಮಾಡಿಸಿದ ವರದಿಯನ್ನು ನಕ್ಷೆಯೊಡನೆ ಲಗತ್ತಿಸಿದರೆ ಅರ್ಧ ಕೆಲಸ ಆದಂತೆ. ಗ್ರಾಮೀಣ ಆವಾಸ್ ಯೋಜನೆಯ ಮಾರ್ಗಸೂಚಿಯೂ ಪಕ್ಕಾ ಮನೆಯನ್ನು ಸಾಮಗ್ರಿಯಿಂದ ಅಳೆಯದೆ, ಸಾಧಾರಣ ನಿರ್ವಹಣೆಯೊಡನೆ ಕನಿಷ್ಠ 30 ವರ್ಷ ಬಾಳುವ ಮನೆ ಎಂದು ಅಳೆದಿದೆ. ಆದಾಯ ತೆರಿಗೆಯ 1962ರ ನಿಯಮಗಳ ಸವಕಳಿ ಪಟ್ಟಿಯಲ್ಲಿಯೂ ಕಟ್ಟಡವೆಂದರೆ ಕಟ್ಟಡವೇ. ಗೋಡೆ ಮಣ್ಣಿನದೋ ಸಿಮೆಂಟಿನದೋ ಎಂದು ಅದು ಕೇಳಲಿಲ್ಲ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಮಾತ್ರ ಎಚ್ಚರ ಅಗತ್ಯ. ಸುಟ್ಟ ಇಟ್ಟಿಗೆ ತಯಾರಕರಿಗೆ 2022ರ ಏಪ್ರಿಲ್ 1ರಿಂದ ನೋಂದಣಿಯ ಮಿತಿಯನ್ನು 20 ಲಕ್ಷಕ್ಕೆ ಇಳಿಸಿ, ಹೂಡುವಳಿ ತೆರಿಗೆಯ ಜಮೆ ಪಡೆಯದೆ ನೂರಕ್ಕೆ 6 ಕಟ್ಟುವ ಪ್ರತ್ಯೇಕ ವ್ಯವಸ್ಥೆಯನ್ನು ತರಲಾಯಿತು. ಸುಡದ, ಸಿಮೆಂಟು ಬೆರೆತ ಮಣ್ಣಿನ ಬ್ಲಾಕನ್ನು ಅದೇ ಶೀರ್ಷಿಕೆಯಲ್ಲಿ ಸೇರಿಸಿಕೊಂಡು ಬಿಲ್ಲು ಬರೆಯುವುದು ಸರಿಯಲ್ಲ. ಮೊದಲ ಬಿಲ್ಲಿಗೆ ಮೊದಲೇ ಅಂದಿನ ಅಧಿಸೂಚನೆಯನ್ನು ನೋಡಿ ವರ್ಗೀಕರಣವನ್ನು ಖಚಿತಪಡಿಸಿಕೊಳ್ಳಬೇಕು. ಸಂದೇಹವಿದ್ದರೆ ಮುಂಗಡ ತೀರ್ಪಿನ ಪ್ರಾಧಿಕಾರವಿದೆ. ಗಿರಾಕಿಯದೇ ಮಣ್ಣನ್ನು ಅವನ ನಿವೇಶನದಲ್ಲಿಯೇ ಒತ್ತಿಕೊಡುವುದಾದರೆ ಅದು ಸರಕಿನ ಮಾರಾಟವೋ ಸೇವೆಯೋ ಎಂಬುದು ಕರಾರಿನ ಪದಗಳ ಮೇಲೆ ನಿಲ್ಲುವುದರಿಂದ, ಕರಾರನ್ನು ಬಾಯಿಮಾತಿನಲ್ಲಿ ಬಿಡಬಾರದು.

ದಿಬ್ಬದ ಆಸೆ

ಮತ್ತೆ ಚಾಂಪಿಯನ್ ರೀಫ್ಸ್‌ಗೆ ಬರೋಣ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಈ ಊರಿನ ಅಂಗಡಿಗಳ ವಹಿವಾಟು ಯಾವ ಸ್ಥಿತಿಗೆ ಬಂತೆಂಬುದನ್ನು ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಕಣ್ಣೆದುರಿಗೆ ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿಯು ಬಿದ್ದಿರುವಾಗ, ಗಾಳಿಗಾಲದಲ್ಲಿ ಅದರ ಧೂಳು ಮನೆಯೊಳಗಿನ ಪಾತ್ರೆಯ ಮೇಲೂ ಕೂರುವಾಗ, ಅದನ್ನೇ ಇಟ್ಟಿಗೆ ಮಾಡಿ ಊರಿಗೆ ಉದ್ಯೋಗ ಕೊಡಬಹುದಲ್ಲ ಎಂಬ ಆಸೆ ಏಳುವುದು ಸಹಜ. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ನನ್ನ ಸಲಹೆಯನ್ನು ಕೇಳಿದರೆ, ಈ ಪುಡಿಯ ಮೇಲೆ ಸ್ವಂತ ಹಣ ಹೂಡಬೇಡಿ ಎಂದೇ ಹೇಳುತ್ತೇನೆ.

ಮೊದಲನೆಯ ಕಾರಣ, ಪುಡಿಯು ಬಿಟ್ಟಿ ಸರಕಲ್ಲ. ದಿಬ್ಬಗಳು ಭಾರತ್ ಗೋಲ್ಡ್ ಮೈನ್ಸ್‌ನ ಗುತ್ತಿಗೆ ಭೂಮಿಯಲ್ಲಿವೆ. ಅವುಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಸಲುವಾಗಿ 13 ದಿಬ್ಬಗಳ 1,003 ಎಕರೆಯಲ್ಲಿ ಮೇಲ್ಮೈ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಮಾಲೀಕನೇ ಚಿನ್ನಕ್ಕಾಗಿ ಕಾಯ್ದಿರಿಸಿಕೊಂಡ ಸರಕನ್ನು ನೆಚ್ಚಿ ಹತ್ತು ವರ್ಷದ ಸಾಲ ಮಾಡುವುದು ಹೇಗೆ?

ಎರಡನೆಯದು, ಎನ್.ಐ.ಆರ್.ಎಂ. ಲೆಕ್ಕವೇ. ಈ ಪುಡಿಯು ಅರೆದು ನುಣುಪಾದ ಕಲ್ಲು; ಅದರಲ್ಲಿ ಜೇಡಿಯ ಅಂಟಿಲ್ಲ. ಮಣ್ಣಿನ ಬ್ಲಾಕಿಗೆ ನೂರಕ್ಕೆ 7 ಭಾಗ ಸಿಮೆಂಟು ಸಾಕಾದರೆ ಇದಕ್ಕೆ 20 ಭಾಗ ಬೇಕಾದದ್ದು ಆ ಕಾರಣಕ್ಕೆ. ನನ್ನ ಮೇಲಿನ ಲೆಕ್ಕದಲ್ಲಿ 20 ಹಾಕಿ ನೋಡಿದರೆ ಸಿಮೆಂಟಿನ ವೆಚ್ಚವೇ ಬ್ಲಾಕಿಗೆ 12-13 ರೂಪಾಯಿಗೆ ಏರುತ್ತದೆ. ಗಿಟ್ಟುತ್ತದೆ ಎಂದು ಅವರು ಹೇಳಿದ್ದು ಮಣ್ಣು ಬೆರೆಸಿ ಸುಟ್ಟ ಇಟ್ಟಿಗೆ. ಅದು ಗೂಡಿನ ಉದ್ಯಮ; ಸೌದೆ, ಕಲ್ಲಿದ್ದಲು, ಹೊಗೆಯ ಪರವಾನಗಿ ಎಲ್ಲವೂ ಅದರ ಬೆನ್ನಿಗೆ ಬರುತ್ತವೆ. ಮಣ್ಣಿನ ಮನೆಯ ಹಿರಿಮೆಯೇ ಸುಡದಿರುವುದರಲ್ಲಿದೆ.

ಮೂರನೆಯದು ಜನರ ಆರೋಗ್ಯ. ಸೈನೈಡಿನಿಂದ ಸಂಸ್ಕರಿಸಿದ ಅದಿರಿನ ಶೇಷದಲ್ಲಿ ಏನೇನು ಉಳಿದಿದೆ, ಗೋಡೆಯಾದ ಮೇಲೆ ಮಳೆಯಲ್ಲಿ ಏನು ಕರಗಿ ಹೊರಬರುತ್ತದೆ ಎಂಬುದನ್ನು ದಿಬ್ಬದಿಂದ ದಿಬ್ಬಕ್ಕೆ ಪರೀಕ್ಷಿಸದೆ ಯಾರೂ ಅದನ್ನು ವಾಸದ ಮನೆಗೆ ಮಾರಬಾರದು. ಆ ಪರೀಕ್ಷೆಯ ಖರ್ಚು ಮತ್ತು ಹೊಣೆಯನ್ನು ಹೊರುವ ಶಕ್ತಿ ಸಣ್ಣ ಉದ್ಯಮಿಗೆ ಇಲ್ಲ, ಸರ್ಕಾರಕ್ಕೆ ಇದೆ. ಎಲ್ಲ ಪರೀಕ್ಷೆ ಮುಗಿದು, ಚಿನ್ನ ತೆಗೆದ ಮೇಲೆ ಉಳಿಯುವ ಪುಡಿಯಲ್ಲಿ ಒಂದು ಪಾಲನ್ನು ಸ್ಥಳೀಯ ಇಟ್ಟಿಗೆ ಉದ್ಯಮಕ್ಕೆ ಕೊಡಬೇಕೆಂದು ನಮ್ಮ ಸಂಘವು ಈಗಿನಿಂದಲೇ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಗುತ್ತಿಗೆಯ ಷರತ್ತುಗಳು ಅಂತಿಮವಾದ ಮೇಲೆ ಮನವಿಗೆ ಬೆಲೆಯಿರುವುದಿಲ್ಲ.

ಆಸಕ್ತಿಯುಳ್ಳ ಸದಸ್ಯರು ಈ ನಡುವೆ ಮಾಡಬಹುದಾದ ಕೆಲಸವು ಬಹಳ ಅಗ್ಗದ್ದು. ಬಾವಿ, ಪಾಯ ತೋಡುವ ಕಡೆಯಿಂದ ಮೂರು ಅಡಿ ಆಳದ ಮಣ್ಣನ್ನು ತಂದು, ಅಗಲಬಾಯಿಯ ಗಾಜಿನ ಸೀಸೆಯಲ್ಲಿ ಮೂರನೇ ಒಂದು ಭಾಗ ತುಂಬಿ, ಒಂದು ಚಿಟಿಕೆ ಉಪ್ಪು ಹಾಕಿ, ನೀರು ಸುರಿದು ಕುಲುಕಿ ಒಂದು ದಿನ ಬಿಡಿ. ಮರಳು ತಳದಲ್ಲಿ, ಅದರ ಮೇಲೆ ಹೂಳು, ಎಲ್ಲಕ್ಕೂ ಮೇಲೆ ಜೇಡಿ ಪದರ ಪದರವಾಗಿ ನಿಲ್ಲುತ್ತದೆ. ಅಳತೆ ಪಟ್ಟಿ ಹಿಡಿದು ಬರೆದುಕೊಳ್ಳಿ. ತಳದ ಮರಳು ಅರ್ಧಕ್ಕಿಂತ ಕಡಿಮೆಯಿದ್ದರೆ ಎಷ್ಟು ಕ್ರಷರ್ ಪುಡಿ ಬೇಕೆಂಬ ಅಂದಾಜು ಅಲ್ಲಿಯೇ ಸಿಗುತ್ತದೆ. ಅನಂತರ ಬಾಡಿಗೆ ಯಂತ್ರದಲ್ಲಿ ಐವತ್ತು ಬ್ಲಾಕು ಒತ್ತಿ, ಹತ್ತನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಉಳಿದವುಗಳಿಂದ ಅಂಗಡಿಯ ಹಿಂದೆ ಒಂದು ಮೋಟು ಗೋಡೆ ಕಟ್ಟಿಡಬಹುದು. ಬ್ಲಾಕು ಒತ್ತಲು ಜನವರಿಯಿಂದ ಮೇವರೆಗಿನ ಒಣ ತಿಂಗಳುಗಳು ಅನುಕೂಲ. ಆ ಗೋಡೆಯು ಹಿಂಗಾರು ಮಳೆಯನ್ನು ಕಂಡ ಮೇಲೆ ಡಿಸೆಂಬರ್‌ನಲ್ಲಿ ಯಂತ್ರದ ದರಪಟ್ಟಿ ತರಿಸಿದರೂ ತಡವಾಗುವುದಿಲ್ಲ.